ರಕ್ತದ ಕಾಗದವನ್ನು ಓದುವ ಬಗೆ

ಮಿರಜದಿಂದ ಅಥಣಿಗೆ ಹೊರಟ ಬಸ್ಸು ಕಾಗವಾಡವನ್ನು ದಾಟುವಷ್ಟರಲ್ಲಿ ಕಾಣಸಿಗುವ ಒಂದು ನೋಟವು ಆ ದಾರಿಯ ಪ್ರಯಾಣಿಕರಿಗೆ ಹೊಸದಲ್ಲ. ವಯಸ್ಸಾದ ತಾಯಿಯೊಬ್ಬಳು ಚೀಲದೊಳಗಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು, ಪಕ್ಕದಲ್ಲಿ ಕುಳಿತ ಕಾಲೇಜು ಹುಡುಗನ ಕೈಗಿಟ್ಟು, "ಇದರಾಗ ಏನ್ ಬರದಾರ, ಸ್ವಲ್ಪ ನೋಡಪಾ ತಮ್ಮಾ" ಎನ್ನುತ್ತಾಳೆ. ಹುಡುಗನು ಕಾಗದವನ್ನು ಬಿಡಿಸುತ್ತಾನೆ. ಇಂಗ್ಲಿಷಿನಲ್ಲಿ ಮುದ್ರಿತವಾದ ಇಪ್ಪತ್ತು ಮೂವತ್ತು ಸಾಲುಗಳು, ಸಾಲಿಗೊಂದು ಅಂಕಿ, ಕೆಲವು ಅಂಕಿಗಳು ಮಾತ್ರ ದಪ್ಪ ಅಕ್ಷರದಲ್ಲಿ. ಅವನು ಒಂದು ಕ್ಷಣ ನೋಡಿ, "ರಗತ ಕಡಿಮಿ ಐತ್ರೀ ಅವ್ವಾ, ಮತ್ತ ಒಂದೆರಡು ಹೆಚ್ಚಿಗಿ ಅದಾವ" ಎಂದು ಮರಳಿ ಕೊಡುತ್ತಾನೆ.

ತಾಯಿಯ ಮುಖ ಬಾಡುತ್ತದೆ. ಕಡಿಮೆ ಎಂದರೆ ಎಷ್ಟು ಕಡಿಮೆ, ಹೆಚ್ಚು ಎಂದರೆ ಯಾವುದು ಹೆಚ್ಚು, ಅದಕ್ಕೆ ಹೆದರಬೇಕೋ ಬೇಡವೋ ಎಂಬುದನ್ನು ಹುಡುಗನೂ ಅರಿಯ. ವೈದ್ಯರ ಬಾಗಿಲಲ್ಲಿ ಅಷ್ಟೊಂದು ಜನ ಕಾದಿದ್ದಾಗ ಕೇಳುವ ಧೈರ್ಯ ಆಕೆಗೆ ಬಂದಿರಲಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಾಗದದಲ್ಲಿ ಇಂಗ್ಲಿಷು; ಈ ಮೂರರ ನಡುವೆ ಆಕೆಯ ರಕ್ತದ ಸುದ್ದಿ ಆಕೆಗೇ ತಲುಪದೆ ಉಳಿಯಿತು.

ಕೃಷ್ಣೆ, ದೂಧಗಂಗೆ, ವೇದಗಂಗೆಗಳು ನೀರುಣಿಸುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಜನರು ಕಾಯಿಲೆ ಬಿದ್ದಾಗ ಮಿರಜ, ಸಾಂಗಲಿ, ಕೊಲ್ಹಾಪುರಗಳ ಕಡೆಗೆ ಮುಖ ಮಾಡುವುದು ಬಹುಕಾಲದ ರೂಢಿ. ವಾನ್ಲೆಸ್ ಎಂಬ ಮಿಶನರಿ ವೈದ್ಯರು 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದ ಮೇಲೆ ಎಷ್ಟೋ ಹಳ್ಳಿಗಳ ರೋಗಿಗಳು ಆ ದಾರಿ ತುಳಿದಿದ್ದಾರೆ. ಈಗಲಾದರೋ ತಾಲೂಕಿನ ಊರುಗಳಲ್ಲಿಯೇ ರಕ್ತ ತಪಾಸಣೆಯ ಪ್ರಯೋಗಶಾಲೆಗಳಿವೆ. ಬೆಳಿಗ್ಗೆ ರಕ್ತ ಕೊಟ್ಟರೆ ಸಂಜೆಗೆ ಕಾಗದ ಕೈಗೆ ಬರುತ್ತದೆ. ಕಾಗದ ಸುಲಭವಾಯಿತು, ಅದನ್ನು ಓದುವ ಬಗೆ ಮಾತ್ರ ಸುಲಭವಾಗಲಿಲ್ಲ. ಓದುಬರಹ ಬಲ್ಲವರೂ ಇಲ್ಲಿ ಎಡವುತ್ತಾರೆ. ಆದುದರಿಂದ ಸಾಮಾನ್ಯವಾಗಿ ಮಾಡಿಸುವ ಕೆಲವು ಪರೀಕ್ಷೆಗಳ ಅರ್ಥವನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಎರಡು ಅಂಕಿಗಳ ನಡುವೆ

ಪ್ರತಿಯೊಂದು ಸಾಲಿನ ಬಲಗಡೆಯಲ್ಲಿ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ: ಇಷ್ಟರಿಂದ ಇಷ್ಟರವರೆಗೆ ಸರಿ ಎಂದು. ಈ ಮಿತಿಯನ್ನು ಗೊತ್ತುಮಾಡಿದ್ದು ಹೇಗೆ? ಆರೋಗ್ಯವಂತರಾದ ಅನೇಕ ಜನರ ರಕ್ತವನ್ನು ಪರೀಕ್ಷಿಸಿ, ಬಂದ ಅಂಕಿಗಳನ್ನು ಸಾಲಾಗಿ ಜೋಡಿಸಿ, ಎರಡೂ ತುದಿಗಳಿಂದ ಸ್ವಲ್ಪಸ್ವಲ್ಪ ಬಿಟ್ಟು, ನಡುವಿನ ನೂರಕ್ಕೆ ತೊಂಬತ್ತೈದು ಮಂದಿಯ ಅಂಕಿಗಳನ್ನು "ಸಾಮಾನ್ಯ" ಎಂದು ಕರೆಯುವುದು ರೂಢಿಯ ಕ್ರಮ. ಅಂದ ಮೇಲೆ ಆರೋಗ್ಯವಂತರಲ್ಲಿಯೇ ಇಪ್ಪತ್ತರಲ್ಲಿ ಒಬ್ಬನ ಅಂಕಿ ಮಿತಿಯ ಹೊರಗೆ ಬೀಳುವುದು ಆ ಲೆಕ್ಕದ ಸ್ವಭಾವವೇ ಆಗಿದೆ.

ಇದರ ಫಲವೇನು? ಯಾವ ತೊಂದರೆಯೂ ಇಲ್ಲದ ಮನುಷ್ಯನು ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿಕೊಂಡನೆನ್ನಿ. ಎಲ್ಲವೂ ಸರಿಯಾಗಿ ಬರುವ ಸಂಭವ ನೂರಕ್ಕೆ ಮೂವತ್ತಾರು ಮಾತ್ರ. ಉಳಿದ ಅರವತ್ತನಾಲ್ಕು ಪಾಲು ಸಂದರ್ಭಗಳಲ್ಲಿ ಎಲ್ಲಾದರೂ ಒಂದು ಅಂಕಿ ದಪ್ಪ ಅಕ್ಷರದಲ್ಲಿ ಬಂದೇ ಬರುತ್ತದೆ. ಇಡೀ ದೇಹದ ತಪಾಸಣೆ ಇಷ್ಟೇ ಹಣಕ್ಕೆ ಎಂಬ ಜಾಹೀರಾತನ್ನು ನಂಬಿ ಹೋದವನು ಇಲ್ಲದ ಚಿಂತೆಯೊಂದನ್ನು ಕೊಂಡು ಬರುವುದು ಹೀಗೆ. ಮಿತಿಯನ್ನು ಕೂದಲೆಳೆಯಷ್ಟು ದಾಟಿದ ಒಂದು ಅಂಕಿಗಿಂತ, ಆರು ತಿಂಗಳ ಹಿಂದಿನ ಕಾಗದಕ್ಕೂ ಇಂದಿನದಕ್ಕೂ ಇರುವ ಅಂತರವು ವೈದ್ಯರಿಗೆ ಹೆಚ್ಚು ವಿಷಯವನ್ನು ತಿಳಿಸುತ್ತದೆ.

ಆದರೆ ಇದರ ಇನ್ನೊಂದು ಮುಖವೂ ಉಂಟು. ನಿಜವಾಗಿ ಗಮನಿಸಬೇಕಾದ ಅಂಕಿಯನ್ನು "ಎಲ್ಲರಿಗೂ ಇರುವುದೇ" ಎಂದು ತಳ್ಳಿಹಾಕಿ ಕಷ್ಟಕ್ಕೀಡಾದವರು ಹೆದರಿ ಕೆಟ್ಟವರಿಗಿಂತ ಕಡಿಮೆಯಿಲ್ಲ. ಹಾಗೆ ತಳ್ಳಿಹಾಕಿಸಿಕೊಳ್ಳುವುದರಲ್ಲಿ ಮೊದಲನೆಯದು ಹಿಮೋಗ್ಲೋಬಿನ್.

"ರಕ್ತ ಕಡಿಮೆ"

ನಿಪ್ಪಾಣಿಯ ಕಡೆಗೆ ಬೀಡಿ ಕಟ್ಟುವ ಹೆಣ್ಣುಮಕ್ಕಳನ್ನೂ ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳಲ್ಲಿ ದುಡಿಯುವವರನ್ನೂ ನೋಡಿ. ನಸುಕಿನಲ್ಲೆದ್ದು ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳುಹಿಸಿ, ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಂಡು, ದಿನವಿಡೀ ದುಡಿಯುವವಳು ಸಂಜೆಗೆ ದಣಿದರೆ ಅದನ್ನು ರೋಗವೆಂದು ಯಾರು ಬಗೆಯುತ್ತಾರೆ? ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ಕಣ್ಣು ಕತ್ತಲೆ, ಉಗುರು ಬಿಳಿಚು. ಇವೆಲ್ಲವೂ ದುಡಿಮೆಯ ಲೆಕ್ಕಕ್ಕೆ ಹೋಗುತ್ತವೆ. ರಕ್ತಹೀನತೆಯು ಮರೆಯಲ್ಲಿ ಉಳಿಯುವುದಕ್ಕೆ ಇದೇ ಕಾರಣ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರು.

ನಮ್ಮ ಕೆಂಪು ರಕ್ತಕಣಗಳೊಳಗಿರುವ ಹಿಮೋಗ್ಲೋಬಿನ್ ಎಂಬ ಕಬ್ಬಿಣಯುಕ್ತ ವಸ್ತುವು ಪುಪ್ಪುಸಗಳಿಂದ ಆಮ್ಲಜನಕವನ್ನು ಹೊತ್ತು ದೇಹದ ಮೂಲೆಮೂಲೆಗೆ ಮುಟ್ಟಿಸುತ್ತದೆ. ಒಂದು ಡೆಸಿಲೀಟರ್, ಎಂದರೆ ನೂರು ಮಿಲಿಲೀಟರ್ ರಕ್ತದಲ್ಲಿ ಗಂಡಸರಿಗೆ 13 ಗ್ರಾಂ, ಹೆಂಗಸರಿಗೆ 12 ಗ್ರಾಂ, ಗರ್ಭಿಣಿಯರಿಗೆ 11 ಗ್ರಾಂ ಇದಕ್ಕಿಂತ ಕಡಿಮೆಯಾದರೆ ಅದು ರಕ್ತಹೀನತೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಗೊತ್ತುಮಾಡಿದೆ. ಗರ್ಭಿಣಿಯಲ್ಲಿ ಅದು 7ಕ್ಕಿಂತ ಕೆಳಗಿಳಿದರೆ ಅಪಾಯ. ಹೆರಿಗೆಯ ಸಮಯದ ರಕ್ತಸ್ರಾವವನ್ನು ಬೇರೊಬ್ಬಳು ತಡೆದುಕೊಂಡಾಳು. ಆಕೆಗೆ ಅದನ್ನು ತಡೆದುಕೊಳ್ಳುವ ಶಕ್ತಿಯಿರುವುದಿಲ್ಲ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಹೇಳಬೇಕು. "ರಕ್ತ ಕಡಿಮೆ" ಎಂಬುದು ರೋಗದ ಹೆಸರಲ್ಲ. ಏಕೆ ಕಡಿಮೆಯಾಯಿತು ಎಂಬ ಪ್ರಶ್ನೆ ಅದರ ಹಿಂದೆ ಇದೆ. ಆ ಪ್ರಶ್ನೆಯನ್ನು ಕೇಳದೆ ಟಾನಿಕ್ಕಿನ ಬಾಟಲಿಯನ್ನು ಕೊಳ್ಳುವುದು, ಶಕ್ತಿ ಬರಲೆಂದು ಸಲಾಯಿನ್ ಹಚ್ಚಿಸಿಕೊಳ್ಳುವುದು ಎರಡೂ ಹಣಕ್ಕೆ ಕೇಡು. ಸಲಾಯಿನ್ ಉಪ್ಪುನೀರೇ ಹೊರತು ಅದರಲ್ಲಿ ರಕ್ತ ಹೆಚ್ಚಿಸುವ ಗುಣವೇನೂ ಇಲ್ಲ.

ಕಾರಣಗಳಲ್ಲಿ ಹೆಚ್ಚಿನದು ಕಬ್ಬಿಣದ ಕೊರತೆ. ನಾವು ಉಂಡ ಅನ್ನದಿಂದ ದೇಹವು ಹೀರಿಕೊಳ್ಳುವ ಕಬ್ಬಿಣ ದಿನಕ್ಕೆ ಒಂದೆರಡು ಮಿಲಿಗ್ರಾಂ ಅಷ್ಟೆ. ಒಂದು ಮಿಲಿಲೀಟರ್ ರಕ್ತ ಹೋದರೆ ಅರ್ಧ ಮಿಲಿಗ್ರಾಂ ಕಬ್ಬಿಣ ಹೋಯಿತು. ತಿಂಗಳ ಮುಟ್ಟು ಅತಿಯಾಗಿ ಹೋಗುವವಳ, ಮೂಲವ್ಯಾಧಿಯಿಂದ ನಿತ್ಯವೂ ರಕ್ತ ಕಳೆದುಕೊಳ್ಳುವವನ ಜಮೆಯು ಖರ್ಚಿಗೆ ಸಾಲದು. ಹಸಿ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದರೆ ಕೊಕ್ಕೆಹುಳುವಿನ ಮರಿಗಳು ಅಂಗಾಲಿನ ಚರ್ಮವನ್ನು ತೂರಿ ದೇಹವನ್ನು ಹೊಕ್ಕು, ಕೊನೆಗೆ ಕರುಳಿನಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತವೆ. ಅಥಣಿ, ನಿಪ್ಪಾಣಿಗಳ ಕಡೆಯ ಕುಶಲರು ಮಾಡುವ ಚರ್ಮದ ಚಪ್ಪಲಿಗಳು ಕೊಲ್ಹಾಪುರಿ ಎಂಬ ಹೆಸರಿನಿಂದ ದೇಶವಿದೇಶಗಳಿಗೆ ಹೋಗುತ್ತವೆ. 2019ರಲ್ಲಿ ಅವುಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರಕಿತು. ಅದೇ ಸೀಮೆಯ ನೀರುಂಡ ಕಬ್ಬಿನ ಹೊಲದಲ್ಲಿ ಕಾಲುಗಳು ಬರಿದಾಗಿರಬಾರದಲ್ಲವೆ?

ಐವತ್ತು ದಾಟಿದ ಗಂಡಸಿನ ಹಿಮೋಗ್ಲೋಬಿನ್ ಕಬ್ಬಿಣದ ಕೊರತೆಯಿಂದ ಇಳಿದಿದ್ದರೆ ಅದನ್ನು ಎಂದಿಗೂ ಹಗುರಾಗಿ ಎಣಿಸಬಾರದು. ಆತನಿಗೆ ಮುಟ್ಟಿಲ್ಲ, ಹೆರಿಗೆಯಿಲ್ಲ. ಹಾಗಾದರೆ ರಕ್ತವೆಲ್ಲಿ ಹೋಗುತ್ತಿದೆ? ಹೊಟ್ಟೆಯ ಹುಣ್ಣಿನಿಂದಲೋ ಕರುಳಿನ ಗಂಟಿನಿಂದಲೋ ಕಣ್ಣಿಗೆ ಕಾಣದಂತೆ ಸೋರುತ್ತಿರಬಹುದು. ಬಹಿಷ್ಠೆ ನಿಂತ ಹೆಂಗಸರಿಗೂ ಈ ಮಾತು ಸಲ್ಲುತ್ತದೆ. ಕರುಳಿನ ಕ್ಯಾನ್ಸರು ಕೆಲವೊಮ್ಮೆ ತನ್ನ ಮೊದಲ ಸುಳಿವನ್ನು ಕೊಡುವುದು ಈ ಒಂದು ಅಂಕಿಯಲ್ಲಿಯೇ. ಟಾನಿಕ್ ಕುಡಿದು ಅಂಕಿಯನ್ನು ಏರಿಸಿಕೊಂಡವನು ಆ ಸುಳಿವನ್ನು ತಾನೇ ಅಳಿಸಿಕೊಂಡಂತೆ ಆಗುತ್ತದೆ.

ಕಣ ಚಿಕ್ಕದೋ ದೊಡ್ಡದೋ?

ಕಾರಣವನ್ನು ಅರಸಲು ಅದೇ ಕಾಗದದಲ್ಲಿ ಇನ್ನೊಂದು ಸಾಲು ನೆರವಾಗುತ್ತದೆ: ಎಂ. ಸಿ. ವಿ. ಇದು ಕೆಂಪು ರಕ್ತಕಣದ ಸರಾಸರಿ ಗಾತ್ರ. 80ರಿಂದ 100ರ ನಡುವೆ ಇದ್ದರೆ ಸರಿ. ಕಡಿಮೆಯಿದ್ದರೆ ಕಣಗಳು ಚಿಕ್ಕವು, ಎಂದರೆ ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಕೆಲವೊಮ್ಮೆ ತಂದೆತಾಯಿಗಳಿಂದ ಬಂದ ಥಲಸೀಮಿಯದ ಲಕ್ಷಣವೂ ಇರಬಹುದು. ಅಂಥವರಿಗೆ ಕಬ್ಬಿಣದ ಗುಳಿಗೆಯಿಂದ ಫಲವಿಲ್ಲ, ಬೇರೊಂದು ಪರೀಕ್ಷೆ ಬೇಕು.

ಹೆಚ್ಚಿದ್ದರೆ ಕಣಗಳು ದೊಡ್ಡವು. ಇದರ ಅರ್ಥವನ್ನು ಬಿಡಿಸಿದ ಕಥೆ ನಮ್ಮ ಸೀಮೆಗೆ ತೀರ ದೂರದ್ದಲ್ಲ. ಬೆಳಗಾವಿ ಜಿಲ್ಲೆಯು ಇನ್ನೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1928ರಲ್ಲಿ, ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಗೆ ಬಂದರು. ಅಲ್ಲಿನ ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರಿಗೆ ತಗಲುತ್ತಿದ್ದ ಕಠಿಣ ರಕ್ತಹೀನತೆಯಲ್ಲಿ ರಕ್ತಕಣಗಳು ಅಳತೆ ಮೀರಿ ದೊಡ್ಡವಾಗಿದ್ದವು. ರೋಗಾಣುವಿನಿಂದಲ್ಲ, ಊಟದ ಕೊರತೆಯಿಂದಲೇ ಇದು ಬರುತ್ತದೆಂದು ಅವರು ಶೋಧಿಸಿ, ಯೀಸ್ಟಿನಿಂದ ಮಾಡಿದ ಅಗ್ಗದ ಸಾರವೊಂದನ್ನು ತಿನ್ನಿಸಿ ಆ ತಾಯಂದಿರನ್ನು ಚೇತರಿಸಿ, 1931ರಲ್ಲಿ ಅದನ್ನು ಪ್ರಕಟಿಸಿದರು. ಆ ಸಾರದಲ್ಲಿದ್ದ ಗುಣಕಾರಿ ವಸ್ತುವಿಗೆ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. 1941ರಲ್ಲಿ ಅದನ್ನು ಪಾಲಕ ಸೊಪ್ಪಿನಿಂದ ಬೇರ್ಪಡಿಸಲಾಯಿತು. ಇಂದು ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆಯರು ಕೊಡುವ ಕೆಂಪು ಗುಳಿಗೆಯಲ್ಲಿ ಕಬ್ಬಿಣದ ಜೊತೆಗೆ ಇರುವುದು ಅದೇ ಫೋಲಿಕ್ ಆಮ್ಲ.

ಕಣ ದೊಡ್ಡದಾಗಲು ಇನ್ನೊಂದು ಕಾರಣ ಬಿ-12 ಜೀವಸತ್ವದ ಕೊರತೆ. ಮಾಂಸಾಹಾರದಲ್ಲಿ ಹೇರಳವಾಗಿರುವ ಇದು ಕಾಳುಪಲ್ಯಗಳಲ್ಲಿ ಇಲ್ಲವೇ ಇಲ್ಲ. ಹಾಲುಮೊಸರುಗಳಲ್ಲಿ ಸ್ವಲ್ಪ ಉಂಟು. ಜೈನರೂ ಲಿಂಗಾಯತರೂ ಬಹುಸಂಖ್ಯೆಯಲ್ಲಿರುವ ಈ ತಾಲೂಕುಗಳಲ್ಲಿ ಸಸ್ಯಾಹಾರದ ಮನೆಗಳು ಹೆಚ್ಚು. ಆ ಆಚಾರವನ್ನು ಬಿಡಬೇಕಾದುದಿಲ್ಲ. ಹಾಲು ಮಜ್ಜಿಗೆಗಳನ್ನು ಕಡಿಮೆ ಮಾಡದಿದ್ದರೆ ಆಯಿತು, ಅದೂ ಸಾಲದಿದ್ದರೆ ಗುಳಿಗೆಯುಂಟು. ಪಾದಗಳಲ್ಲಿ ಜುಮುಜುಮು, ನಡಿಗೆಯಲ್ಲಿ ತೂಕಡಿಕೆ, ಮರೆವು ಇವು ಕಂಡರೆ ಬಿ-12ನ್ನು ಪರೀಕ್ಷಿಸಬೇಕು. ಈ ಕೊರತೆಯಿದ್ದವರಿಗೆ ಬರಿಯ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡು ನರಗಳ ಹಾನಿ ಒಳಗೊಳಗೇ ಬೆಳೆಯುತ್ತದೆ. ಕಬ್ಬಿಣವೂ ಬಿ-12ವೂ ಎರಡೂ ಕಡಿಮೆಯಾದಲ್ಲಿ ಚಿಕ್ಕ ಕಣಗಳೂ ದೊಡ್ಡ ಕಣಗಳೂ ಕೂಡಿ ಸರಾಸರಿ ಗಾತ್ರ "ಸರಿ" ಎಂದು ಬರುವುದುಂಟು. ಮಿತಿಯ ಒಳಗಿದ್ದ ಅಂಕಿಯೂ ಹೀಗೆ ಮೋಸಮಾಡಬಲ್ಲದು.

ಕಬ್ಬಿಣದ ಗುಳಿಗೆ ನುಂಗುವವರು ಒಂದೆರಡು ವಿಷಯ ನೆನಪಿಡಬೇಕು. ಚಹಾ ಮತ್ತು ಹಾಲು ಕಬ್ಬಿಣವನ್ನು ದೇಹಕ್ಕೆ ಸೇರಗೊಡುವುದಿಲ್ಲ. ಲಿಂಬೆಯ ಹುಳಿ ಅದಕ್ಕೆ ನೆರವಾಗುತ್ತದೆ. ಊಟವಾದ ಕೂಡಲೇ ಚಹಾ ಕುಡಿಯುವ ಅಭ್ಯಾಸವನ್ನು ಒಂದು ತಾಸಾದರೂ ಮುಂದೂಡುವುದು ಒಳ್ಳೆಯದು. ಮಲ ಕಪ್ಪಾದರೆ ಅಂಜಬೇಕಾಗಿಲ್ಲ, ಅದು ಗುಳಿಗೆಯ ಬಣ್ಣ. ಅಂಕಿ ಸರಿಯಾಯಿತೆಂದು ಅಲ್ಲಿಗೇ ನಿಲ್ಲಿಸಬಾರದು. ದೇಹದ ಕಣಜ ತುಂಬಲು ಆಮೇಲೂ ಸುಮಾರು ಮೂರು ತಿಂಗಳು ಬೇಕು.

ಸಕ್ಕರೆಯ ಸೀಮೆಯಲ್ಲಿ ಸಕ್ಕರೆ

ಉಗಾರದ ಕಾರ್ಖಾನೆಯಿಂದ ಮೊದಲ್ಗೊಂಡು ಈ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಗಳ ಚಿಮಣಿಗಳಿಗೆ ಬರವಿಲ್ಲ. ಈಗ ಮನೆಮನೆಯಲ್ಲಿ ಇನ್ನೊಂದು ಸಕ್ಕರೆಯ ಮಾತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಅಧ್ಯಯನವು ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿಯನ್ನು ದಾಟಿದೆಯೆಂದು ತಿಳಿಸಿತು.

ಎಂಟು ತಾಸು ಉಪವಾಸವಿದ್ದು ಕೊಟ್ಟ ರಕ್ತದಲ್ಲಿ ಸಕ್ಕರೆಯು ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಮಧುಮೇಹವೆಂದು ಎಣಿಕೆ. ಲಕ್ಷಣಗಳೇನೂ ಇಲ್ಲದಿದ್ದರೆ ಇನ್ನೊಂದು ದಿನ ಮತ್ತೆ ನೋಡಿ ಖಚಿತಪಡಿಸಿಕೊಳ್ಳಬೇಕು. ಕರಾರುವಾಕ್ಕಾಗಿ ಅಳೆದ ಗ್ಲುಕೋಸ್ ಕುಡಿಸಿ ಎರಡು ತಾಸಿನ ಮೇಲೆ ನೋಡಿದಾಗ ಅದು 200 ಮುಟ್ಟಿದರೂ ಹಾಗೆಯೇ.

ಈ ಪರೀಕ್ಷೆ ಅಂದಿನ ಸ್ಥಿತಿಯನ್ನಷ್ಟೇ ತೋರಿಸುತ್ತದೆ. ಪರೀಕ್ಷೆಗೆ ಮುನ್ನ ನಾಲ್ಕು ದಿನ ಸಿಹಿ ಬಿಟ್ಟು ವೈದ್ಯರ ಕಣ್ಣಿಗೆ ಮಣ್ಣೆರಚುವ ಜಾಣರಿದ್ದಾರೆ. ಅವರಿಗಾಗಿಯೇ ಎಚ್‌ಬಿಎ1ಸಿ ಎಂಬ ಪರೀಕ್ಷೆ ಇದೆಯೆನ್ನಬಹುದು. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಅಷ್ಟು ದಿನವೂ ರಕ್ತದ ಸಕ್ಕರೆ ಅದರ ಹಿಮೋಗ್ಲೋಬಿನ್ನಿಗೆ ಅಂಟುತ್ತ ಹೋಗುತ್ತದೆ. ಅಂಟಿದ ಪ್ರಮಾಣವನ್ನು ಅಳೆದರೆ ಎರಡು ಮೂರು ತಿಂಗಳ ಲೆಕ್ಕ ಸಿಗುತ್ತದೆ. ನೂರಕ್ಕೆ 6.5 ಅಥವಾ ಹೆಚ್ಚು ಬಂದರೆ ಮಧುಮೇಹ. ಆದರೆ ಕಬ್ಬಿಣದ ಕೊರತೆಯಿದ್ದವರಲ್ಲಿ ಈ ಅಂಕಿ ಸುಳ್ಳಾಗಿ ಏರುವುದುಂಟು. ಇತ್ತೀಚೆಗೆ ಹೆಚ್ಚು ರಕ್ತ ಕಳೆದುಕೊಂಡವರಲ್ಲಿ ಸುಳ್ಳಾಗಿ ಇಳಿಯುವುದುಂಟು. ಆದುದರಿಂದ ಈ ಅಂಕಿಯನ್ನು ಹಿಮೋಗ್ಲೋಬಿನ್ನಿನ ಸಾಲಿನೊಡನೆ ಕೂಡಿಸಿ ಓದಬೇಕು.

ಪೈಲ್ವಾನನೂ ಮುದುಕಿಯೂ

ಮೂತ್ರಪಿಂಡಗಳ ಸುದ್ದಿ ಹೇಳುವುದು ಕ್ರಿಯಾಟಿನಿನ್. ಇದು ಸ್ನಾಯುಗಳಿಂದ ಹುಟ್ಟುವ ಕಸ. ಮೂತ್ರಪಿಂಡಗಳು ಇದನ್ನು ಹೊರಗೆ ಹಾಕುತ್ತವೆ. ಸ್ನಾಯು ಹೆಚ್ಚಿದ್ದವನಲ್ಲಿ ಕಸವೂ ಹೆಚ್ಚು. ಗರಡಿಯಲ್ಲಿ ಸಾಮು ಮಾಡಿದ ಪೈಲ್ವಾನನಿಗೆ 1.3 ಬಂದರೆ ಅದು ಅವನ ಮೈಕಟ್ಟಿಗೆ ತಕ್ಕುದಾಗಿರಬಹುದು. ಎಂಬತ್ತು ವರ್ಷದ ಕೃಶ ದೇಹದ ಅಜ್ಜಿಗೆ 1.1 ಬಂದರೆ, ಕಾಗದವು "ಸರಿ" ಎಂದು ಮುದ್ರಿಸಿದ್ದರೂ, ಆಕೆಯ ಮೂತ್ರಪಿಂಡಗಳ ಶಕ್ತಿ ಬಹುಮಟ್ಟಿಗೆ ಕುಂದಿರಬಹುದು. ಈಗಿನ ಕಾಗದಗಳಲ್ಲಿ ವಯಸ್ಸು, ಲಿಂಗಗಳನ್ನು ಸೇರಿಸಿ ಲೆಕ್ಕಹಾಕಿದ ಇ-ಜಿಎಫ್‌ಆರ್ ಎಂಬ ಸಾಲನ್ನು ಕೊಡುವುದು ಇದಕ್ಕಾಗಿಯೇ. ಅದು 60ಕ್ಕಿಂತ ಕಡಿಮೆಯಾಗಿ ಮೂರು ತಿಂಗಳು ಹಾಗೆಯೇ ಉಳಿದರೆ ಎಚ್ಚರ ವಹಿಸಬೇಕು. ಮೂತ್ರಪಿಂಡದ ಶಕ್ತಿ ಅರ್ಧದಷ್ಟು ಹೋಗುವವರೆಗೂ ಕ್ರಿಯಾಟಿನಿನ್ ಸುಮ್ಮನಿರುವುದು ಅದರ ಕೆಟ್ಟ ಗುಣ. ಸಂಧಿನೋವಿಗೆಂದು ಔಷಧದಂಗಡಿಯಿಂದ ನೋವಿನ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗುವವರೂ, ಮಧುಮೇಹ, ರಕ್ತದೊತ್ತಡಗಳಿರುವವರೂ ವರ್ಷಕ್ಕೊಮ್ಮೆಯಾದರೂ ಇದನ್ನು ನೋಡಿಸಿಕೊಳ್ಳಬೇಕು.

ಜ್ವರದ ದಿನಗಳಲ್ಲಿ

ಮಳೆಗಾಲದಲ್ಲಿ ಡೆಂಗೀ ಜ್ವರ ಬಂತೆಂದರೆ "ಬಿಳಿ ಕಣ ಇಳಿದವು" ಎಂಬ ಗಾಬರಿ ಊರೆಲ್ಲ ಹಬ್ಬುತ್ತದೆ. ಜನರು ಹೆದರುವ ಆ ಅಂಕಿ ಬಿಳಿಯ ರಕ್ತಕಣದ್ದಲ್ಲ, ಪ್ಲೇಟ್‌ಲೆಟ್ಟಿನದು. ಬಿಳಿಯ ಕಣಗಳು ರೋಗಾಣುಗಳೊಡನೆ ಹೋರಾಡುವ ಸೈನಿಕರು. ಪ್ಲೇಟ್‌ಲೆಟ್ ರಕ್ತ ಹೆಪ್ಪುಗಟ್ಟಿಸುವ ಕಣ, ಅದರ ಸಾಮಾನ್ಯ ಸಂಖ್ಯೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಡೆಂಗೀಯಲ್ಲಿ ಅದು ಐವತ್ತು ಸಾವಿರಕ್ಕೆ ಇಳಿದು ತಾನಾಗಿ ಏರುವವರೇ ಬಹುಮಂದಿ. ರಕ್ತಸ್ರಾವವಿಲ್ಲದವರಿಗೆ ಸಂಖ್ಯೆ ಹತ್ತು ಸಾವಿರದ ಆಸುಪಾಸಿಗೆ ಇಳಿಯುವವರೆಗೆ ಪ್ಲೇಟ್‌ಲೆಟ್ ಏರಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ನಿಜವಾದ ಅಪಾಯ ಜ್ವರ ಬಿಟ್ಟ ಒಂದೆರಡು ದಿನಗಳಲ್ಲಿ ರಕ್ತನಾಳಗಳಿಂದ ನೀರಿನಂಶ ಸೋರುವುದರಲ್ಲಿದೆ. ಜ್ವರ ಇಳಿಯಿತೆಂದು ನಿಶ್ಚಿಂತರಾಗಿರುವಾಗಲೇ ಹೊಟ್ಟೆನೋವು, ಬಿಡದ ವಾಂತಿ, ಕೈಕಾಲು ತಣ್ಣಗಾಗುವುದು, ವಸಡಿನಲ್ಲಿ ರಕ್ತ ಇವುಗಳಲ್ಲಿ ಯಾವುದು ಕಂಡರೂ ಅಂಕಿಯನ್ನು ಕಾಯದೆ ಆಸ್ಪತ್ರೆ ಸೇರಬೇಕು.

ವಿಷಮಜ್ವರಕ್ಕೆ ಮಾಡುವ ವೈಡಾಲ್ ಪರೀಕ್ಷೆ 1896ರಷ್ಟು ಹಳೆಯದು. ಹಿಂದೆಂದೋ ಬಂದುಹೋದ ಸೋಂಕಿನಿಂದಲೂ, ಬೇರೆ ಜ್ವರಗಳಿಂದಲೂ ಅದು "ಇದೆ" ಎನ್ನುವುದುಂಟು. ಅದೊಂದನ್ನೇ ನಂಬಿ ಜಂತುನಾಶಕ ಮದ್ದನ್ನು ಮೇಲಿಂದ ಮೇಲೆ ನುಂಗುವುದು ತರವಲ್ಲ. ಮದ್ದಿಗೆ ಮುಂಚೆ ರಕ್ತವನ್ನು ಕಲ್ಚರಿಗೆ ಕೊಡುವುದು ಹೆಚ್ಚು ವಿಶ್ವಾಸಾರ್ಹ.

ಕೇಳಬೇಕಾದ ಮೂರು ಮಾತು

ಉಪವಾಸದ ಪರೀಕ್ಷೆಗೆ ಹೋಗುವಾಗ ನೀರು ಕುಡಿಯಬಹುದು, ಚಹಾ ಕುಡಿಯಬಾರದು. ನುಂಗುತ್ತಿರುವ ಮದ್ದುಗಳನ್ನೆಲ್ಲ ಮುಂಚೆಯೇ ಹೇಳಬೇಕು. ಆದಷ್ಟು ಒಂದೇ ಪ್ರಯೋಗಶಾಲೆಗೆ ಹೋಗುವುದು ಲೇಸು, ಏಕೆಂದರೆ ಒಂದರ ಮಿತಿ ಇನ್ನೊಂದರದಕ್ಕಿಂತ ಸ್ವಲ್ಪ ಬೇರೆಯಿರಬಹುದು. ಹಳೆಯ ಕಾಗದಗಳನ್ನು ತಾರೀಖಿನ ಕ್ರಮದಲ್ಲಿ ಒಂದು ಚೀಲದಲ್ಲಿ ಜೋಪಾನವಾಗಿಟ್ಟು ಪ್ರತಿಸಲವೂ ಒಯ್ಯಬೇಕು.

ವೈದ್ಯರೆದುರು ಕುಳಿತಾಗ ಸಂಕೋಚಪಡದೆ ಮೂರು ಮಾತುಗಳನ್ನು ಕೇಳಿ: ಯಾವ ಅಂಕಿ ನಿಜವಾಗಿ ಗಮನಿಸತಕ್ಕದ್ದು? ಅದಕ್ಕೆ ಕಾರಣವೇನಿರಬಹುದು? ಮತ್ತೆ ಯಾವಾಗ ನೋಡಿಸಬೇಕು? ಕನ್ನಡದಲ್ಲಿಯೇ ಆಗಲಿ, ಮರಾಠಿಯಲ್ಲಿಯೇ ಆಗಲಿ, ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

ಆ ಬಸ್ಸಿನ ತಾಯಿಗೆ ಹುಡುಗನು ಹೇಳಿದ್ದು ಸುಳ್ಳಲ್ಲ. ಆಕೆಯ ರಕ್ತ ಕಡಿಮೆಯೇ ಇರಬಹುದು. ಅದು ಏಕೆ ಕಡಿಮೆಯಾಯಿತೆಂದು ಮಗನೋ ಸೊಸೆಯೋ ಆಕೆಯ ಪಕ್ಕದಲ್ಲಿ ಕುಳಿತು ಕೇಳಿದರೆ ಮುಂದಿನ ದಾರಿ ತೆರೆಯುತ್ತದೆ. ಮುಂದಿನ ಸಲ ಮಿರಜಕ್ಕೆ ಹೋಗುವಾಗ ಆಕೆಯನ್ನು ಒಬ್ಬಳನ್ನೇ ಕಳುಹಿಸಬೇಡಿ.